ಎರೆಹುಳುಗಳ ಸುದ್ದಿ

ಟೋಂಗ್
ಸೆಪ್ಟೆಂಬರ್ ೧೪

ಪ್ರೀತಿಯ ಎರ್ಮೆಕ್ ಅಣ್ಣನಿಗೆ,

ನಿನ್ನ ಎರೆಹುಳುಗಳು ಬದುಕಿಲ್ಲ. ವಸಂತದಲ್ಲೇ ಸತ್ತವು. ಬೇಸಿಗೆಯುದ್ದಕ್ಕೂ ಚೆನ್ನಾಗಿವೆ ಎಂದು ನಾನು ಬರೆದದ್ದು ಸುಳ್ಳು. ಜೈಲಿನಿಂದ ನೀನು ಬರೆಯುವ ಪ್ರತಿ ಕಾಗದದಲ್ಲೂ ಅವನ್ನು ಕೇಳುತ್ತೀಯ, ಅದಕ್ಕೇ ಹೇಳಲಾಗಲಿಲ್ಲ. ಈ ಸಲ ತಡವಾದದ್ದೂ ಅದಕ್ಕೇ, ಕ್ಷಮಿಸು. ನೀನು ಕೇಳಿದ ಇನ್ನೊಂದಕ್ಕೆ ಆಮೇಲೆ ಬರುತ್ತೇನೆ.

ಏಪ್ರಿಲ್‌ನಲ್ಲಿ ಮನೆ ತುಂಬ ಜನ, ಅಂಗಳದ ತುಂಬ ಕುರಿ. ಎರೆಗೊಬ್ಬರದ ಗುಂಡಿಯ ಕಡೆ ತಿರುಗಿ ನೋಡಲೂ ನನಗೆ ಆಗಲಿಲ್ಲ. ತೊಲೊಗೊನ್ ದೊಡ್ಡಪ್ಪ ಅಂಗಳ ಗುಡಿಸಿ ಹಿಕ್ಕೆಯನ್ನೆಲ್ಲ ಗುಂಡಿಗೆ ಸುರಿದರು.

"ನಿಮ್ಮಣ್ಣನ ಹುಳಗಳು ಯಾಕೆ ಉಪವಾಸ ಇರ್ಬೇಕು?" ಅಂದರು. ಒಳ್ಳೆಯ ಮನಸ್ಸಿನಿಂದಲೇ.

ಆದರೆ ಬೆಟ್ಟದ ಹುಲ್ಲುಗಾವಲಿಗೆ ಹೊರಡಿಸುವ ಮುಂಚೆ ಆ ಕುರಿಗಳಿಗೆ ಹೊಟ್ಟೆಹುಳದ ಔಷಧಿ ಕುಡಿಸಿದ್ದರು. ಅದು ಹಿಕ್ಕೆಯಲ್ಲೂ ಇಳಿದಿತ್ತು. ಗುಂಡಿಗೆ ಮುಚ್ಚಿದ್ದ ಗೋಣಿಯನ್ನು ನಾನು ಎತ್ತುವ ಹೊತ್ತಿಗೆ ನಾತ. ಹುಳುಗಳು ಬಿಳಿಚಿಕೊಂಡು ಗುಂಡಿಯ ಗೋಡೆಗೆ ಅಂಟಿದ್ದವು. ಹತ್ತಿ ಹೊರಗೆ ಬರಲು ನೋಡಿದ್ದವು.

"ಮೊನ್ನೆ ಒಂದು ಹನಿ ಕಣ್ಣೀರು ಹಾಕದೋಳು ಹುಳಕ್ಕೆ ಅಳ್ತೀಯಲ್ಲೇ," ಅಂದರು ದೊಡ್ಡಪ್ಪ.

ಉಳಿದ ಗೊಬ್ಬರವನ್ನು ಜರಡಿ ಹಿಡಿದೆ. ಟೀ ಪುಡಿಯ ಹಾಗೆ ಕಪ್ಪಗೆ, ಉದುರುದುರಾಗಿತ್ತು. ಏಪ್ರಿಕಾಟ್ ಗಿಡದ ಬುಡಕ್ಕೂ ಟೊಮೇಟೊ ಪಾತಿಗೂ ಹಾಕಿದೆ. ಆ ಕಲ್ಲುನೆಲದಲ್ಲಿ ಗಿಡಗಳು ಬಾಗುವಷ್ಟು ಕಾಯಿ ಬಿಟ್ಟವು. ಮುಂದಿನ ವರ್ಷಕ್ಕೆ ಹಾಕಲು ಏನೂ ಇಲ್ಲ. ಅಮ್ಮ ನಿನಗೆಂದು ಹಣ್ಣು ಒಣಗಿಸಿಟ್ಟಿದ್ದಾಳೆ. ನಿನ್ನ ಮೇಕೆ ದೊಡ್ಡಪ್ಪನ ಉಣ್ಣೆಟೋಪಿಯ ಅಂಚು ತಿಂದಿತು, ಅದೊಂದೇ ನಗುವ ಸುದ್ದಿ.

ಚಳಿ ಬರುತ್ತಿದೆ. ದೇವರು ನಿನ್ನನ್ನು ಬೆಚ್ಚಗಿಟ್ಟಿರಲಿ.

ನಿನ್ನ ತಂಗಿ
ಬುರುಲ್

ಮರೆತು ಕೊನೆಗೆ ಬರೆಯುತ್ತಿರುವುದಲ್ಲ, ಇದು. ಏಪ್ರಿಲ್‌ನಲ್ಲಿ ಅಷ್ಟು ಜನ ಬಂದದ್ದು ಸಾವಿಗೆ. ಅಪ್ಪ ಹೋಗಿಬಿಟ್ಟರು ಅಣ್ಣ. ಅಂಗಳದಲ್ಲಿ ಗುಡಾರ ಹಾಕಿ ಅವರ ದೇಹವನ್ನು ಮಲಗಿಸಿದ್ದೆವು. ತೀರಿಕೊಳ್ಳುವ ಹಿಂದಿನ ಸಂಜೆ ನನ್ನನ್ನು ಗುಂಡಿಯ ಹತ್ತಿರ ಕೂರಿಸಿಕೊಂಡು, ಒಳಗೆ ಕೈ ಇಟ್ಟು, "ಎರ್ಮೆಕ್‌ನ ಆಳುಗಳು ಕೆಲಸ ಮಾಡ್ತಾ ಇದಾವೆ ನೋಡು," ಅಂದಿದ್ದರು.

ದೂರದಲ್ಲಿ ಒಬ್ಬನೇ ಇರುವವನಿಗೆ ಸಾವಿನ ಸುದ್ದಿ ಮುಟ್ಟಿಸಬಾರದು, ನೀನು ಬಿಡುಗಡೆಯಾಗಿ ಬಂದ ದಿನ ಹಿರಿಯರು ಸುತ್ತ ಕೂತು ತಿಳಿಸಬೇಕು ಎಂದು ಎಲ್ಲರೂ ಸೇರಿ ತೀರ್ಮಾನಿಸಿದರು. ಅಮ್ಮನೂ, "ಅಲ್ಲಿ ಅವನನ್ನ ಹಿಡ್ಕೊಳ್ಳೋಕೆ ಯಾರಿದಾರೆ?" ಅಂದಳು. ಆದರೆ ಅಪ್ಪನ ಕಾಲುನೋವು ಹೇಗಿದೆ ಎಂದು ನೀನು ಕೇಳುವುದಕ್ಕೆ, ಕಡಿಮೆಯಾಗಿದೆ ಎಂದು ಇನ್ನೊಮ್ಮೆ ಬರೆಯಲು ನನ್ನಿಂದಾಗದು.

ನಿನ್ನೆ ದೊಡ್ಡಪ್ಪನಿಗೆ ಹಾಗೆಂದೇ ಹೇಳಿದೆ. "ಸ್ಕೂಲು ಅರ್ಧಕ್ಕೇ ಬಿಟ್ಟೋಳು, ಹಿರೀರಿಗೆ ಪಾಠ ಹೇಳ್ತಾಳೆ. ಬರೆದ್ರೆ ಈ ಮನೇಲಿ ಇರ್ಬೇಡ," ಅಂದರು.

ಬರೆದಿದ್ದೇನೆ. ನಾಳೆ ಬೆಳಗಿನ ವ್ಯಾನಿಗೆ ಬಿಷ್ಕೆಕ್‌ಗೆ ಹೊರಡುತ್ತೇನೆ.