ಎಡಕ್ಕೇ ಉಳಿದ ಬಟನ್‌ಗಳು

ಬಾಂಟಾಮಾ, ಕುಮಾಸಿ
ಶನಿವಾರ, 21 ಫೆಬ್ರವರಿ 2009

ಪ್ರೀತಿಯ ಕ್ವಾಕು ಅಣ್ಣಾ,

ಹೇಗಿದ್ದೀಯ? ಟಾಕೊರಾಡಿಯ ಸಮುದ್ರದ ಗಾಳಿಗೆ ನಿನ್ನ ಹಳೇ ಕೆಮ್ಮು ಮರುಕಳಿಸಿಲ್ಲ ತಾನೇ? ಶುಂಠಿ ಕುದಿಸಿ ಕುಡಿ, ಸೋಮಾರಿತನ ಮಾಡಬೇಡ. ಅಮ್ಮನ ಮಂಡಿನೋವು ತಗ್ಗಿದೆ, ಮತ್ತೆ ಹೊಲಿಗೆ ಯಂತ್ರ ತುಳಿಯುತ್ತಿದ್ದಾಳೆ. ಅಜ್ಜಿಗೆ ಕಿವಿ ಇನ್ನಷ್ಟು ಮಂದವಾಗಿದೆ, ನಾಲಿಗೆಗೆ ಮಾತ್ರ ಏನೂ ಆಗಿಲ್ಲ. ಒಣಗಾಳಿಯ ಧೂಳು ಒಗೆದ ಬಟ್ಟೆಯ ಮೇಲೆಲ್ಲ ಕೂತಿದೆ. ಕುಶಲ ವಿಚಾರಿಸದೆ ಜಗಳಕ್ಕಿಳಿಯಬಾರದೆಂದು ಅಮ್ಮ ಕಲಿಸಿದ್ದಾಳಲ್ಲ, ಅದಕ್ಕೇ ಇಷ್ಟು ಬರೆದೆ. ಈಗ ಜಗಳ.

ನಮ್ಮ ಪುಸ್ತಕ ನೆನಪಿದೆಯೇ? ಕೆಜೆಟಿಯಾ ಸಂತೆಯಲ್ಲಿ ಹಳೇ ಪುಸ್ತಕದ ರಾಶಿಯಿಂದ ನಾನೇ ಎಳೆದು ತೆಗೆದದ್ದು. ಪರದೆಯ ಮೇಲೆ ವಿಂಡೋ, ಬಟನ್ ಮೂಡುವಂಥ ಪ್ರೋಗ್ರಾಂ ಬರೆಯುವುದನ್ನು ಕಲಿಸುವ ದಪ್ಪ ಪುಸ್ತಕ. ನೀನು ಕೆಲಸಕ್ಕೆ ಹೊರಟಾಗ ಇಬ್ಬರಿಗೂ ಅದೇ ಬೇಕಾಗಿತ್ತು. ಅಮ್ಮನ ದೊಡ್ಡ ಕತ್ತರಿಯಿಂದ ನೀನು ಅದರ ಬೆನ್ನು ಸೀಳಿದೆ. ವಿಂಡೋ ಬರೆಯುವುದು, ಯಾವುದನ್ನು ಎಲ್ಲಿ ಕೂರಿಸಬೇಕೆಂಬುದು ಇರುವ ಮೊದಲರ್ಧ ನನಗೆ. ಬಟನ್ ಒತ್ತಿದರೆ ಏನಾಗಬೇಕೆಂಬುದಿರುವ ಎರಡನೆಯ ಅರ್ಧ ನಿನಗೆ. "ಈಸ್ಟರ್‌ಗೆ ಬಂದಾಗ ಅದಲುಬದಲು ಮಾಡ್ಕೊಳ್ಳೋಣ ಕಣೇ," ಅಂದಿದ್ದೆ. ಯಾವ ವರ್ಷದ ಈಸ್ಟರ್ ಎಂದು ಕೇಳದ ನಾನು ಪೆದ್ದಿ.

ಆ ಅರ್ಧವನ್ನು ಹಿಡಿದುಕೊಂಡೇ ಅಮ್ಮನ ಅಂಗಡಿಗೆಂದು, ಮುಗಿಯುವವರೆಗೆ ಅವಳಿಗೆ ತೋರಿಸದೆ, ಅಳತೆಯ ಪ್ರೋಗ್ರಾಂ ಶುರು ಮಾಡಿದೆನಲ್ಲ. ಭುಜ, ಎದೆ, ನಡು, ತೋಳು, ಅಮ್ಮನ ಟೇಪು ಮೈಮೇಲೆ ಓಡುವ ಕ್ರಮದಲ್ಲೇ ಒಂದೊಂದು ಖಾನೆ. ನಮ್ಮ ಹಳೇ ಮಾನಿಟರಿನ ಬಲಭಾಗ ಸತ್ತುಹೋಗಿತ್ತು, ಬರೀ ಕಪ್ಪು. ಹಾಗಾಗಿ ಬಟನ್‌ಗಳನ್ನೆಲ್ಲ ಎಡಕ್ಕೇ ಒತ್ತೊತ್ತಾಗಿ ಕೂರಿಸಿದೆ. ಅಜ್ಜಿ ನೋಡಿ ಏನು ಬೈದಳು ಗೊತ್ತೇ? "ಎಡಗೈಲಿ ಕೊಡುತ್ತಲ್ಲೇ ನಿನ್ನ ಪೆಟ್ಟಿಗೆ! ಅದಕ್ಕೊಂದು ಮಾನ ಮರ್ಯಾದೆ ಕಲಿಸ್ಬಾರ್ದಾ?" ನಾನು ನಕ್ಕು, ಒಳ್ಳೆಯ ಮಾನಿಟರ್ ಸಿಕ್ಕಾಗ ಹೇಳು, ಎಲ್ಲವನ್ನೂ ಬಲಕ್ಕೆ ತರುವುದು ಹೇಗೆಂದು ತಿಳಿಸುತ್ತೇನೆ ಅಂತ ನಿನಗೆ ಬರೆದು, ಬಸ್ಸಿನ ಡ್ರೈವರನ ಕೈಯಲ್ಲಿ ಪೆನ್‌ಡ್ರೈವ್ ಕಳಿಸಿದೆ. ನೀನು ಫೋನು ಮಾಡಿ, "ನೀನು ಬರೆದಿದ್ದಕ್ಕೆ ನಾನು ಜೀವ ತುಂಬ್ತೀನಿ. ಮೊದಲ್ನೇ ವಿಂಡೋದಲ್ಲಿ ಇಬ್ಬರ ಹೆಸರೂ ಇರುತ್ತೆ, ನಿಂದೇ ಮೊದ್ಲು," ಅಂದೆ. ಆ ದಿನ ಖುಷಿಗೆ ನನಗೆ ಊಟ ಸೇರಲಿಲ್ಲ. ಆಮೇಲೆ ನಾನು ಕೇಳಿದಾಗಲೆಲ್ಲ, ಇನ್ನೂ ಮುಗಿದಿಲ್ಲ ಅನ್ನುತ್ತಿದ್ದೆ ನೀನು.

ಹೋದ ವಾರ ಅಮ್ಮನ ಜೊತೆ ಮೇಡಂ ಡಿಫಿಯೆ ಅವರ ಹೊಲಿಗೆ ಅಂಗಡಿಗೆ ಹೋಗಿದ್ದೆ. ಮೇಜಿನ ಮೇಲೆ ಹೊಸ, ಅಗಲವಾದ ಮಾನಿಟರ್. ಭುಜ, ಎದೆ, ನಡು, ತೋಳು. ಬಟನ್‌ಗಳೆಲ್ಲ ಎಡಕ್ಕೆ ಮುದುರಿಕೊಂಡಿವೆ, ಬಲಗಡೆ ಅಷ್ಟೂ ಜಾಗ ಖಾಲಿ. ಯಾರು ಮಾಡಿದ್ದೆಂದು ಕೇಳಿದೆ. "ಟಾಕೊರಾಡಿಯವ್ರು ಒಬ್ರು ಮಾಡಿದ್ದು. ನಮ್ಮ ದರ್ಜಿ ಸಂಘದವ್ರು ಎಷ್ಟೋ ಜನ ತಗೊಂಡಿದೀವಿ. ಕೆಲ್ಸ ಚೆನ್ನಾಗಿ ಮಾಡುತ್ತೆ, ಆದ್ರೆ ಎಡಗೈಲಿ ಕೊಡೋ ಅಂಗಡಿ ಅಂತ ಗಿರಾಕಿಗಳು ಆಡ್ಕೊಂಡು ನಗ್ತಾರಮ್ಮಾ. ಬಲಕ್ಕೆ ಹಾಕ್ಕೊಡಪ್ಪಾ ಅಂದ್ರೆ ಆತ ಬರೀ ನಾಳೆ ನಾಳೆ ಅಂತಾನೆ," ಅಂದರು ಮೇಡಂ. ಮೊದಲನೆಯ ವಿಂಡೋ ತೆರೆದು ತೋರಿಸಿದರು. ಕ್ವಾಕು ಅಡ್ಡೈ. ಒಂದೇ ಹೆಸರು. ಅಮ್ಮ ಅದನ್ನು ಗಟ್ಟಿಯಾಗಿ ಓದಿ, "ನನ್ನ ಮಗ! ನನ್ನ ಹೊಟ್ಟೇಲಿ ಹುಟ್ಟಿದ ಮಗ!" ಎಂದು ಅಂಗಡಿಯಲ್ಲೇ ಕುಣಿದುಬಿಟ್ಟಳು. ಆಮೇಲೆ ನನ್ನ ಬೆನ್ನು ತಟ್ಟಿ, "ಇವಳಿಗೂ ಒಂಚೂರು ಬರುತ್ತೆ, ಇವಳ ಕೈಲೇ ಸರಿ ಮಾಡಿಸ್ಕೊಳ್ಳಿ," ಅಂದಳು. ಒಂಚೂರು! ಅವಳ ಸಂತೋಷವನ್ನು ಕೆಡಿಸಲಾರದೆ ಬಾಯಿ ಮುಚ್ಚಿಕೊಂಡಿದ್ದೆ.

ಯಾರೋ ಹೊರಗಿನವನು ಮಾಡಿದ್ದರೆ ಬೈದು ಮರೆಯುತ್ತಿದ್ದೆ. ನೀನು ಮಾಡಿದೆ. ನನಗೆ ಸೈಕಲ್ ಕಲಿಸಿದವನು, ಜೋಳದ ಹಿಟ್ಟಿನ ಕೆಂಕಿ ಉಂಡೆಯ ಜೊತೆಗಿನ ಮೀನಿನಲ್ಲಿ ಮುಳ್ಳು ಬಿಡಿಸಿ ಕೊಟ್ಟವನು. ಬಟನ್‌ಗಳು ಎಡಕ್ಕೇ ಏಕೆ ಉಳಿದವೆಂದು ಮೇಡಂಗೆ ಗೊತ್ತಿಲ್ಲ, ನನಗೆ ಗೊತ್ತು. ಅವನ್ನು ಜರುಗಿಸುವ ಪಾಠ ನನ್ನ ಅರ್ಧದಲ್ಲಿದೆ. ನನ್ನನ್ನು ಕೇಳಿದ್ದರೆ ಫೋನಿನಲ್ಲೇ ಹೇಳಿಕೊಡುತ್ತಿದ್ದೆ. ಕೇಳಿದರೆ ಮಾರಿದ್ದು ತಿಳಿದುಹೋಗುತ್ತಿತ್ತಲ್ಲ.

ಅಮ್ಮನ ಆಶೀರ್ವಾದ ನಿನಗಿದೆ. ಅಜ್ಜಿ ಹೊತ್ತಿಗೆ ಸರಿಯಾಗಿ ಉಣ್ಣು ಅಂದಿದ್ದಾಳೆ. ನನ್ನ ಕಡೆಯಿಂದ ಏನು ಬರೆಯಬೇಕೋ ತೋಚುತ್ತಿಲ್ಲ. ಮೈ ಹುಷಾರು.

ಇನ್ನೂ ನಿನ್ನ ತಂಗಿಯೇ ಆದ,
ಪೊಕುವಾ

ಮರೆತಿದ್ದೆ: ಗುರುವಾರ ಮೇಡಂ ಅಂಗಡಿಗೆ ಹೋಗಿ ಬಂದೆ. ಪ್ರೋಗ್ರಾಮಿನ ಮೂಲ ಬರಹವನ್ನೆಲ್ಲ ನೀನು ಅದೇ ಕಂಪ್ಯೂಟರಿನಲ್ಲಿ ಬಿಟ್ಟಿದ್ದೀಯ. ಮೇಡಂ ಚಹಾ ಕುದಿಸುವಷ್ಟರಲ್ಲಿ ಬಟನ್‌ಗಳನ್ನೆಲ್ಲ ಬಲಕ್ಕೆ ತಂದೆ. ಸಂಘದ ಉಳಿದವರೂ ಈಗ ನನ್ನನ್ನೇ ಕರೆಯುತ್ತಿದ್ದಾರೆ. ಮೊದಲನೆಯ ವಿಂಡೋದಲ್ಲಿ ಬಲಗಡೆ ನನ್ನ ಹೆಸರು ಹಾಕಿದ್ದೇನೆ. ನಿನ್ನದನ್ನು ಅಳಿಸಲಿಲ್ಲ, ಎಡಗಡೆಯೇ ಇದೆ. ಅಮ್ಮ ಇನ್ನೂ ನೋಡಿಲ್ಲ. ನೋಡುವ ಮೊದಲೇ ಬಂದು ನೀನೇ ಹೇಳು. ಬರುವಾಗ ಪುಸ್ತಕದ ಆ ಅರ್ಧ ತಾ. ಬಲಗೈಯಲ್ಲಿ ಕೊಡು.