ಕಿರುಬೆರಳು

ಅಡುಗೆಮನೆಯ ಮೇಜಿನಿಂದ,
ಮಾರ್ಚ್ ೧೬, ಭಾನುವಾರ ಬೆಳಿಗ್ಗೆ

ಪ್ರೀತಿಯ ಅಪ್ಪಾ,

ಮಂಡಿನೋವು ಹೇಗಿದೆ? ಅಣ್ಣನ ಮನೆಯ ಮೆಟ್ಟಿಲು ಹತ್ತುವಾಗ ಕಂಬಿ ಹಿಡಿದುಕೊಳ್ಳುತ್ತೀರಲ್ಲವೇ? ‘ಮಾವ ಯಾರ ಮಾತೂ ಕೇಳಲ್ಲ’ ಎಂದು ಅತ್ತಿಗೆ ಫೋನಿನಲ್ಲಿ ಗೊಣಗುತ್ತಿದ್ದರು. ಅದೇನು ಹೊಸ ಸುದ್ದಿಯಲ್ಲ ಬಿಡಿ. ನಾವು ಚೆನ್ನಾಗಿದ್ದೇವೆ. ನಿಮ್ಮ ಮೊಮ್ಮಗಳು ಗುಬ್ಬಿ ಹನ್ನೊಂದು ವರ್ಷಕ್ಕೇ ನನ್ನ ಭುಜ ಮುಟ್ಟುತ್ತಿದ್ದಾಳೆ, ಮುಕ್ಕಾಲು ಅಳತೆಯ ಚೆಲ್ಲೋ ವಾದ್ಯ ಈಗಲೇ ಚಿಕ್ಕದಾಗುತ್ತಿದೆ. ‘ರಜೆಗೆ ಕಳಿಸು, ಆ ಎಟ್ಯೂಡನ್ನು ನಾನೇ ಕೂತು ಕಲಿಸುತ್ತೇನೆ’ ಎಂದು ನೀವು ಬರೆದದ್ದು ತಲುಪಿತು.

ಅದೇ ಎಟ್ಯೂಡನ್ನು ಹೋದ ವಾರ ನಮ್ಮ ಸಂಗೀತಶಾಲೆಯ ಶಿಕ್ಷಕರ ಕಾರ್ಯಕ್ರಮದಲ್ಲಿ ನುಡಿಸಿದೆ. ಹೆಸರಿಗೆ ಅಭ್ಯಾಸದ ಪಾಠ, ನುಡಿಸಹೊರಟರೆ ಎಂಥವರ ಬೆವರನ್ನೂ ಇಳಿಸುವ ಪುಟಗಳು. ನೀವು ಪೆನ್ಸಿಲಿನಲ್ಲಿ ಗುರುತು ಹಾಕಿಕೊಟ್ಟ ಬೆರಳುಗಳಲ್ಲೇ ನುಡಿಸಿದೆ. ಹೆಬ್ಬೆರಳನ್ನು ತಂತಿಗಳ ಮೇಲೆ ಅಡ್ಡ ಮಲಗಿಸಿ ಏರುವ ಕಡೆ ಚರ್ಮ ಸುಲಿಯಿತು, ಸ್ವರ ಮಾತ್ರ ಜಾರಲಿಲ್ಲ. ಆಮೇಲೆ ಒಬ್ಬ ವೃದ್ಧರು ಕೋಲೂರಿಕೊಂಡು ಹಿಂದಿನ ಕೋಣೆಗೆ ಬಂದರು. ಆರ್ಕೆಸ್ಟ್ರಾದಲ್ಲಿ ನಿಮ್ಮ ಪಕ್ಕದ ಕುರ್ಚಿಯಲ್ಲಿ ಕೂತು ಪುಟ ತಿರುವುತ್ತಿದ್ದ ನಿಮ್ಮ ಗೆಳೆಯರು. ಬಾಯ್ತುಂಬ ಹೊಗಳಿ, ಹೊರಡುವಾಗ, ‘ಅಲ್ಲಮ್ಮಾ, ನಿನ್ನ ಕಿರುಬೆರಳು ಒಮ್ಮೆಯೂ ತಂತಿ ಮುಟ್ಟಲಿಲ್ಲ, ಅದಕ್ಕೂ ನಿಮ್ಮಪ್ಪನ ಥರ ಪೆಟ್ಟಾಗಿದೆಯಾ?’ ಎಂದರು. ‘ಯಾವ ಪೆಟ್ಟು?’ ಎಂದೆ. ನಾನು ಹುಟ್ಟುವ ಮೊದಲೇ ನಿಮ್ಮ ಎಡಗೈಯ ಕಿರುಬೆರಳು ಕಾರಿನ ಬಾಗಿಲಿಗೆ ಸಿಕ್ಕಿ ಸತ್ವ ಕಳೆದುಕೊಂಡಿತಂತೆ. ಕೆಲಸಕ್ಕೆ ಕುತ್ತು ಬಂದೀತೆಂದು ನೀವು ಯಾರಿಗೂ ಹೇಳದೆ, ಉಳಿದ ಬೆರಳುಗಳಲ್ಲೇ ಎಲ್ಲವನ್ನೂ ಹೊಂದಿಸಿಕೊಂಡಿರಂತೆ. ‘ಇಡೀ ಆರ್ಕೆಸ್ಟ್ರಾಗೆ ಟೋಪಿ ಹಾಕಿದ ಕಿಲಾಡಿ ಕಣಮ್ಮಾ ನಿಮ್ಮಪ್ಪ!’ ಎಂದು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ. ಎದುರಿಗೆ ಹಿರಿಯರಿದ್ದಾಗ ಇನ್ನೇನು ಮಾಡಲಿ?

ಹೊಟ್ಟೆಪಾಡಿಗೆ ಮುಚ್ಚಿಟ್ಟಿರಿ, ಅದನ್ನು ತಪ್ಪೆನ್ನುವುದಿಲ್ಲ. ಆದರೆ ನನ್ನ ಬೆರಳಿಗೆ ಏನಾಗಿತ್ತು ಅಪ್ಪಾ? ಪಾಠ ಹೇಳುವಾಗ ‘ಕಿರುಬೆರಳು ಸೋಮಾರಿ, ದೊಡ್ಡ ವಾದಕರು ಅದನ್ನು ನೆಚ್ಚಿಕೊಳ್ಳುವುದಿಲ್ಲ’ ಎಂದಿರಿ. ನೀವು ಅದನ್ನು ಸದಾ ಮಡಚಿಟ್ಟುಕೊಳ್ಳುವುದು ಗತ್ತು ಎಂದುಕೊಂಡು, ಟೀ ಲೋಟ ಹಿಡಿಯುವಾಗಲೂ ನಾನು ಹಾಗೇ ಮಡಚಿದೆ. ಬೇರೆಯವರು ಅದನ್ನು ಬಳಸುವುದು ಕಂಡರೆ ಪಾಪ ಎನಿಸುತ್ತಿತ್ತು. ನಿಮ್ಮದೇ ಆರ್ಕೆಸ್ಟ್ರಾದ ಆಯ್ಕೆಗೆ ಹೋದಾಗ, ‘ಕೈ ಓಡುತ್ತೆ, ಆದ್ರೆ ಎಲ್ಲೋ ಕುಂಟುತ್ತೆ’ ಎಂದು ಹಿಂದೆ ಕಳಿಸಿದರು. ಕುಂಟುವವರ ನಡಿಗೆ ಕಲಿತವಳು ಇನ್ನು ಹೇಗೆ ನಡೆದಾಳು? ಮನೆಗೆ ಬಂದು ಬಿಕ್ಕುತ್ತಿದ್ದಾಗ ನೀವು ಬಾಗಿಲಲ್ಲೇ ನಿಂತು, ‘ಸಾಧನೆ ಸಾಲದು’ ಎಂದಿರಿ. ಸಾಧನೆ ಮಾಡಿದೆ. ಮಣಿಕಟ್ಟು ಊದಿಕೊಂಡಿತು. ಬಿಸಿನೀರು ಕಾಯಿಸಿ ತಂದವರೂ ನೀವೇ. ಕೈಯನ್ನು ನೀರಲ್ಲಿ ಅದ್ದಿ, ಬೆರಳುಗಳನ್ನು ಒಂದೊಂದಾಗಿ ನೀವಿದಿರಿ, ಬಾಯಿ ಮಾತ್ರ ಬಿಡಲಿಲ್ಲ. ನನ್ನ ಪಾಲಿನ ಅತಿ ಮುದ್ದಿನ ನೆನಪು ಅದಾಗಿತ್ತು. ಅದನ್ನೂ ಕಿತ್ತುಕೊಂಡಿರಿ.

ಹೋದ ವಾರ ಕಾರ್ಯಕ್ರಮ ಮುಗಿಸಿ ಮನೆಗೆ ಬಂದವಳೇ ಗುಬ್ಬಿಯನ್ನು ನುಡಿಸಲು ಕೂರಿಸಿದೆ. ಅವಳ ಕಿರುಬೆರಳು ಚಳಿಗೆ ಮುದುಡಿದ ಬೆಕ್ಕಿನ ಮರಿಯಂತೆ ಅಂಗೈಯೊಳಗೆ ಮಲಗಿತ್ತು. ಕಲಿಸಿದವಳು ನಾನೇ. ‘ಬಿಡಿಸು ಪುಟ್ಟಾ’ ಎಂದೆ. ‘ತಾತ ಬೈತಾರೆ’ ಎಂದಳು.

ಗುಳಿಗೆ ತಪ್ಪಿಸಬೇಡಿ. ಅಣ್ಣ ಅತ್ತಿಗೆಯರಿಗೆ ನನ್ನ ನೆನಪು ತಿಳಿಸಿ. ದೂರದಿಂದಲೇ ನಮಸ್ಕಾರ.

ನಿಮ್ಮ
ಮಗಳು

ಮರೆತೆ: ಗುಬ್ಬಿಯನ್ನು ಬೇರೆ ಟೀಚರ್ ಹತ್ತಿರ ಸೇರಿಸಿದ್ದೇನೆ. ‘ಯಾಕಮ್ಮಾ, ತಾತ ಬೇಡ್ವಾ?’ ಎಂದು ದಿನಾ ಕೇಳುತ್ತಾಳೆ. ನಾನು ಉತ್ತರ ಕೊಟ್ಟಿಲ್ಲ, ಕೊಡುವುದೂ ಇಲ್ಲ. ರಜೆಗೆ ಅವಳು ಬರಬೇಕೆಂದಿದ್ದರೆ, ಚೆಲ್ಲೋ ಬಿಟ್ಟು ಬರುತ್ತಾಳೆ. ಎದುರಿಗೆ ಕೂರಿಸಿಕೊಂಡು, ಕೈ ತೋರಿಸಿ, ಯಾಕೆಂದು ನೀವೇ ಹೇಳಬೇಕು. ಆಗುವುದಿಲ್ಲ ಎಂದಾದರೆ ಬೇಗ ತಿಳಿಸಿ, ಟಿಕೆಟ್ ಇನ್ನೂ ತೆಗೆದಿಲ್ಲ.