ಎರಡನೇ ಭಾಗದ ಒಂದೇ ಬಟನ್

ಜೂನ್ 4, ಸಂಜೆ
ಕನ್ನಡಕದಂಗಡಿಯ ಕೆಲಸ ಮುಗಿಸಿ ಬಂದವಳು ಚಪ್ಪಲಿ ಬಿಟ್ಟು ನೇರ ಟಿವಿ ಮುಂದೆ. ಕಳ್ಳಹೆಜ್ಜೆಯ ವಿಡಿಯೋ ಆಟದ ಎರಡನೇ ಭಾಗ ಇವತ್ತು ಬಂತು. ಮೊದಲ ಭಾಗದಲ್ಲಿ ವೇಷ, ಹಗ್ಗ, ಬಾಣ, ಊರಗಲದ ನಕಾಶೆ. ಇದರಲ್ಲಿ ಏನೂ ಇಲ್ಲ! ಒಂದು ಕಟ್ಟಡ, ಆರು ಮಹಡಿ. ಎಡಗೈಯಲ್ಲಿ ನಡೆಸುವುದು, ಬಲಗೈಗೆ ಒಂದೇ ಬಟನ್ — ತಟ್ಟಿದರೆ ಸಿಳ್ಳೆ, ಒತ್ತಿ ಹಿಡಿದರೆ ಸದ್ದಿಲ್ಲದ ನಡಿಗೆ. ಊಟದ ಹೊತ್ತಿಗೆ ಮುಗಿದೇ ಹೋಯಿತು. ಮೈಯೆಲ್ಲ ಉರಿಯಿತು.

"ಅಷ್ಟೇನಾ?" ಎಂದರು ಮಾವ, ಕುರ್ಚಿಯಿಂದ.

"ಅಷ್ಟೇ ಮಾವ. ಟೋಪಿ ಹಾಕಿದ್ರು."

ಲಕ್ವ ಹೊಡೆದ ಮೇಲೆ ಅವರು ತಾವಾಗಿ ಆಡಿದ ಮೊದಲ ಮಾತು ಇದೇ ಇರಬೇಕು.

ಜೂನ್ 6
ಫಿಸಿಯೋ ಬಂದಿದ್ದಳು. ಮಾವನ ಬಲಗೈ ಮಡಿಲಲ್ಲಿ ಬಿದ್ದೇ ಇದೆ. "ಸ್ವಲ್ಪ ಜೀವ ಇದೆ. ಈಗ ಬಳಸದಿದ್ರೆ ಹೀಗೇ ಉಳಿದುಬಿಡುತ್ತೆ," ಅಂದಳು, ಅಡುಗೆಮನೆಗೆ ಕರೆದು, ಮೆಲ್ಲಗೆ. ಹಿಸುಕಲು ಕೊಟ್ಟ ರಬ್ಬರ್ ಚೆಂಡನ್ನು ಮಾವ ಎಡಗೈಯಲ್ಲಿ ಮಂಚದಡಿಗೆ ಎಸೆದರು. "ನಾನೇನ್ ಕೂಸಾ?"

ಯಜಮಾನರು ಅಪ್ಪನಿಗೆ ಕೈಮುಗಿದು ಬೇಡಿಕೊಂಡರು. ಮಾವ ಜಪ್ಪಯ್ಯ ಅಂದರೂ ಚೆಂಡು ಮುಟ್ಟಲಿಲ್ಲ.

ಜೂನ್ 9
ಚೆಂಡು ಬೇಡವಾದರೆ ಇದನ್ನಾದರೂ ಹಿಡಿಯಲಿ ಎಂದು ಕಂಟ್ರೋಲರ್ ಮಡಿಲಿಗಿಟ್ಟೆ. ಮೊದಲ ಭಾಗವಾಗಿದ್ದರೆ ಬಟನ್ ಕಲಿಸುವಷ್ಟರಲ್ಲೇ ಬಿಸಾಕುತ್ತಿದ್ದರು. ಇದರಲ್ಲಿ ಕಲಿಸಲು ಏನಿದೆ? ಎಡಗೈ ಒಂದರಲ್ಲೇ ನಡೆಸಿದರು. ದಬದಬ ಹೆಜ್ಜೆ. ಮೊದಲ ಕಾವಲುಗಾರನೇ ಹಿಡಿದ. ಮತ್ತೆ ಹಿಡಿದ. ಬಟನ್ ಒತ್ತಲು ಗಲ್ಲ ಬಗ್ಗಿಸಿದರು! ನಕ್ಕು ನಕ್ಕು ಸಾಕಾಯಿತು.

"ನಗ್ಬೇಡ. ಅವನು ಒಳ್ಳೆ ಕಾವಲುಗಾರ. ಗೋದಾಮಿನ ಗೇಟಲ್ಲಿ ನಾನೂ ಹಿಂಗೇ ಹಿಡೀತಿದ್ದೆ."

ಜೀವಮಾನವೆಲ್ಲ ಕಾವಲು ಕಾದವರು ಈಗ ಕಳ್ಳ.

ಜೂನ್ 17
ಬರೆಯಲು ಪುರುಸೊತ್ತೇ ಇಲ್ಲ. ಟಿವಿ ಈಗ ಮಾವನದು.

ಇವತ್ತು... ಹೇಗೆ ಬರೆಯಲಿ. ಎರಡನೇ ಮಹಡಿ. ಕಾವಲುಗಾರ ಸ್ಟೂಲ್ ಮೇಲೆ ಗೊರಕೆ ಹೊಡೆಯುತ್ತಿದ್ದ. ಪಕ್ಕದಲ್ಲೇ ಬಾಗಿಲು, ನುಸುಳಿದರೆ ಆಯಿತು. ಮಾವ ನುಸುಳಲಿಲ್ಲ. ಸಿಟ್ಟು ನೆತ್ತಿಗೇರಿತು. "ಲೋ, ಡ್ಯೂಟೀಲಿ ನಿದ್ದೆನಾ! ಸಾಹೇಬ್ರು ಬಂದ್ರೆ ಕೆಲಸ ಹೋಗುತ್ತಲ್ಲೋ!" ಸಿಳ್ಳೆ. ಅವನು ಎದ್ದ, ಮಾವನನ್ನೇ ಹಿಡಿದ.

ಕಳ್ಳತನಕ್ಕೆ ಹೋಗಿ ಕಾವಲುಗಾರನನ್ನು ಎಬ್ಬಿಸಿದ ಪುಣ್ಯಾತ್ಮ! ನಗಲು ಬಾಯಿ ತೆರೆದವಳು ಹಾಗೇ ನಿಂತೆ. ಗಲ್ಲ ಬಗ್ಗಿರಲಿಲ್ಲ. ಎಡಗೈ ತನ್ನ ಜಾಗದಲ್ಲೇ ಇತ್ತು. ಸಿಳ್ಳೆ ಹೊಡೆದದ್ದು ಬಲ ಹೆಬ್ಬೆರಳು.

"ಮಾವ, ಕೈ..."

"ಏನು ಕೈ?" ನೋಡಿಕೊಂಡರು. ಕಣ್ಣು ತುಂಬಿತು ಅವರಿಗೆ. ನಾನಂತೂ ಗೊಳೋ ಎಂದು ಅತ್ತೆ.

ಜೂನ್ 18
ಈ ಆಟ ಮಾಡಿದವರ ಹೊಟ್ಟೆ ತಣ್ಣಗಿರಲಿ. ಇವತ್ತು ನಾನೂ ಮತ್ತೆ ಆಡಿದೆ, ನಿಧಾನವಾಗಿ. ಬೇಡದ್ದನ್ನೆಲ್ಲ ಕಿತ್ತು ಹಾಕಿದ್ದಾರೆ. ನೆರಳು, ಸದ್ದು, ಉಸಿರು ಬಿಗಿಹಿಡಿದ ಆ ಒಂದು ಗಳಿಗೆ — ಅಷ್ಟೇ ಉಳಿಸಿದ್ದಾರೆ. ಒಂದು ಮೂಲೆಯೂ ದಂಡವಲ್ಲ. ಎಷ್ಟು ಚೆಂದ! ಚಿಕ್ಕದು ಮಾಡಲು ಎಷ್ಟು ತಲೆ ಕೆಡಿಸಿಕೊಂಡರೋ.

ಜುಲೈ 5
ತಟ್ಟುವುದು ಬಂತು. ಒತ್ತಿ ಹಿಡಿಯುವುದು ಬಾರದು. ಬೆರಳು ಜಾರುತ್ತದೆ, ಹೆಜ್ಜೆ ದಬ್ಬೆನ್ನುತ್ತದೆ. ಚೂರು ಚೂರೇ ಹಿಡಿದು ಐದು ಮಹಡಿ ದಾಟಿದ್ದಾರೆ. ಆರನೆಯದು ಉದ್ದ ಪಡಸಾಲೆ, ನಡುವೆ ಬೆರಳು ಬಿಡುವಂತಿಲ್ಲ.

"ಅಷ್ಟು ಹೊತ್ತು ಹಿಡಿದ್ರೆ ಲೋಟಾನೂ ಹಿಡೀತಾರೆ," ಅಂದಳು ಫಿಸಿಯೋ. ಮಾವ ಕೇಳಿಸಿಕೊಂಡರು. ಮತ್ತೆ ಕಂಟ್ರೋಲರ್ ಎತ್ತಿಕೊಂಡರು.

ಜುಲೈ 20, ಭಾನುವಾರ ಮಧ್ಯಾಹ್ನ
ಆರನೇ ಮಹಡಿಯ ಪಡಸಾಲೆ. "ನನ್ ಕಡೆ ನೋಡ್ಬೇಡಮ್ಮ, ಕೈ ನಡುಗುತ್ತೆ. ಏನಾದ್ರೂ ಬರ್ಕೋ ಹೋಗು." ಬೆನ್ನು ತಿರುಗಿಸಿ ಕೂತಿದ್ದೇನೆ. ಕಾವಲುಗಾರನ ಬೂಟು ಕೇಳಿಸುತ್ತಿದೆ. ಮಾವನ ಹೆಜ್ಜೆ ಕೇಳಿಸುತ್ತಿಲ್ಲ. ಕೇಳಿಸದಿರಲಿ. ಯಜಮಾನರು ಬಾಗಿಲಲ್ಲೇ ನಿಂತುಬಿಟ್ಟಿದ್ದಾರೆ, ಒಳಗೂ ಬರದೆ. ಬೂಟು ಹತ್ತಿರ... ಇನ್ನೂ ಹತ್ತಿರ... ದಾಟಿತು. ಸದ್ದಿಲ್ಲ. ಇನ್ನೂ ಸದ್ದಿಲ್ಲ. ದೇವರೇ.

"ಬಾಗ್ಲು ತೆಗೀತು! ತಿರುಗಮ್ಮ, ಬೇಗ ನೋಡು, ನಾನಿನ್ನೂ ಬಿಟ್ಟಿಲ್ಲ —"